ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂದ ವರ್ಷ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಐವತ್ತೆಂಟನೆಯ ಇಸವಿಯೋ ಐವತ್ತೊಂಬತ್ತೋ ಎಂದು ಆಣೆ ಮಾಡಿ ಹೇಳಲಾರೆ. ಡಾಕ್ಟರರ ಮೇಜಿನ ಮೇಲೆ ಉರಿಯುತ್ತಿದ್ದ ಸ್ಪಿರಿಟ್ ದೀಪ ನನ್ನ ಕಣ್ಣಿಗೆ ಕಟ್ಟಿದಂತಿದೆ, ಆದರೆ ಆ ದಿನ ನಾನು ಅಲ್ಲಿರಲೇ ಇಲ್ಲ. ದೊಡ್ಡಪ್ಪನ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಅವನು ಕಂಡದ್ದು ಈಗ ನಾನು ಕಂಡದ್ದೇ ಆಗಿಹೋಗಿದೆ. ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಹೇಳುವವರು ಹಲವರು. ಹೇಳುವವರು ಯಾರೋ ಅವರೇ ಅದರಲ್ಲಿ ಬುದ್ಧಿವಂತರು. ನಾನು ಹೇಳುವಾಗ ಬುದ್ಧಿವಂತಳು ನಾನೇ. ಓದುವವರು ಸ್ವಲ್ಪ ಹುಷಾರಾಗಿದ್ದರೆ ಒಳ್ಳೆಯದು.

ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸಿದ್ದಾಪುರದ ಕಡೆಯಿಂದ ಬಂದಿದ್ದ ಗಣಿತದ ಶಿಕ್ಷಕಿ ಮತ್ತು ನಾನು ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ನಮ್ಮ ಊರು ಬನವಾಸಿಯ ಹತ್ತಿರ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿದರೆ ಹೊತ್ತು ಮುಳುಗುವುದರೊಳಗೆ ಮನೆ. ನಾನು ಚಿಕ್ಕವಳಿದ್ದಾಗಲೇ ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರಿಂದ ಸಾಕಿದ್ದು, ಓದಿಸಿದ್ದು ದೊಡ್ಡಪ್ಪ ಮತ್ತು ದೊಡ್ಡವ್ವ. ಅವರಿಗೆ ಬೇರೆ ಮಕ್ಕಳಿರಲಿಲ್ಲ.

ಊರಿನಲ್ಲಿ ದೊಡ್ಡಪ್ಪನಿಗೆ ಇದ್ದ ಮರ್ಯಾದೆ ಹೊಲದಿಂದ ಬಂದದ್ದಲ್ಲ, ನಾಲಿಗೆಯಿಂದ ಬಂದದ್ದು. ಚಳಿಗಾಲದಲ್ಲಿ ಆಲೆಮನೆ ಹೂಡಿದಾಗ ಹದ ಹೇಳುವವನು ಅವನು. ಒಂದೊಂದು ಮನೆಯ ಕಬ್ಬಿಗೆ ಒಂದೊಂದು ಪಾಳಿ. ಕೋಣ ಕಟ್ಟಿದ ಗಾಣದಲ್ಲಿ ಕಬ್ಬು ಹಿಂಡಿ, ಹಾಲನ್ನು ದೊಡ್ಡ ಕೊಪ್ಪರಿಗೆಗೆ ಸುರಿದು ಕುದಿಸಿದರೆ, ಗಟ್ಟಿ ಅಚ್ಚಾಗುವ ಮೊದಲೇ ಇಳಿಸಬೇಕು. ಆಗ ಅದು ಜೋನಿಬೆಲ್ಲ, ಬಾಟಲಿಗೂ ಡಬ್ಬಿಗೂ ಸುರಿಯಬಹುದಾದ ಬೆಲ್ಲ. ಸ್ವಲ್ಪ ಬೇಗ ಇಳಿಸಿದರೆ ಮಳೆಗಾಲಕ್ಕೆ ಹುಳಿ ಬರುತ್ತದೆ. ಸ್ವಲ್ಪ ತಡವಾದರೆ ಕಲ್ಲು. ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುವುದು ಎಲ್ಲರಿಗೂ ಬರುತ್ತಿತ್ತು. ದೊಡ್ಡಪ್ಪ ಉರುಟಿದ ಮೇಲೆ ನೆಕ್ಕುತ್ತಿದ್ದ. ಕೊಳೆ ತೆಗೆಯಲು ಹಾಲಿಗೆ ಹಾಕಿದ ಸುಣ್ಣ ಹೆಚ್ಚಾದದ್ದು, ಬೆಂಕಿ ಒಂದು ಮಗ್ಗುಲಿಗೆ ಜೋರಾದದ್ದು, ಕಬ್ಬು ಕಡಿದು ಎರಡು ದಿನ ಬಿಟ್ಟು ತಂದದ್ದು, ಎಲ್ಲ ಆ ಒಂದು ನೆಕ್ಕಿನಲ್ಲಿ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿ, ಸ್ವಲ್ಪ ತಡೆದು, "ಇಳಸ್ರಿ!" ಎನ್ನುತ್ತಿದ್ದ. ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಆ ವರ್ಷ ಆಲೆಮನೆ ಶುರುವಾಗಿ ಕೆಲವೇ ದಿನವಾಗಿತ್ತು. ದೊಡ್ಡಪ್ಪ ಮೇಲಿಂದ ಮೇಲೆ ನೀರು ಕುಡಿಯುವುದನ್ನೂ ಎದ್ದು ಹಿತ್ತಲಿಗೆ ಹೋಗುವುದನ್ನೂ ದೊಡ್ಡವ್ವ ನೋಡಿದಳು. ಅವಳ ಅಣ್ಣ ಹೀಗೇ ನೀರು ನೀರು ಎನ್ನುತ್ತ, ಕಾಲಿನ ಹುಣ್ಣು ಮಾಯದೆ ಸತ್ತಿದ್ದ. ಅದಕ್ಕೇ ಅವಳು ಯಾರಿಗೂ ಹೇಳದೆ, ದೊಡ್ಡಪ್ಪ ಕೂತೆದ್ದ ಬಣವೆಯ ಹಿಂದಿನ ಜಾಗಕ್ಕೆ ಹೋಗಿ ನೋಡಿದಳು. ಇರುವೆ ಮುತ್ತಿದ್ದವು. ಆಲೆಮನೆಯ ಕಾಲದಲ್ಲಿ ನಮ್ಮಲ್ಲಿ ಇರುವೆ ಮುತ್ತದ ಜಾಗ ಯಾವುದಿತ್ತು? ದೊಡ್ಡಪ್ಪನ ಪಂಚೆಗೆ ಮುತ್ತುತ್ತಿದ್ದವು, ಮೀಸೆಗೆ ಮುತ್ತುತ್ತಿದ್ದವು, ಮಲಗಿದ ಕೋಣದ ಕೊಂಬಿಗೂ ಮುತ್ತುತ್ತಿದ್ದವು. ದೊಡ್ಡವ್ವ ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನನ್ನು ಶಿರಸಿಗೆ ಎಳೆದುಕೊಂಡು ಹೋದಳು. ಆಗಷ್ಟೇ ದವಾಖಾನೆ ತೆರೆದಿದ್ದ ಒಬ್ಬ ಹರೆಯದ ಡಾಕ್ಟರರು ನಾಡಿ ನೋಡಿ, ಕಣ್ಣು ನೋಡಿ, "ನಾಳೆ ಮುಂಜಾನೆದ್ದು ಮೊದಲ ಮೂತ್ರ ಬಾಟ್ಲಿಯೊಳಗ ತರ್ರಿ" ಎಂದರು.

ಮರುದಿನ ಮೊದಲ ಬಸ್ಸಿಗೆ ಅವರು ತಂದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಕೋಣೆಗೆ ಬಂದಾಗ ಇಬ್ಬರೂ ನಮ್ಮ ಜಗುಲಿಯ ಮೇಲೆ ಕೂತಿದ್ದರು. ದೊಡ್ಡವ್ವನ ಮುಖ ಅತ್ತು ಒರೆಸಿಕೊಂಡ ಮುಖ.

"ಏನಂದ್ರು ಡಾಕ್ಟ್ರು?"

"ಕೆಂಪಾತಂತ," ಎಂದ ದೊಡ್ಡಪ್ಪ. "ಗಾಜಿನ ಕೊಳವಿಯೊಳಗ ನೀಲಿ ನೀರು ಹಾಕಿದ್ರು. ನಂದು ನಾಕು ಹನಿ ಬಿಟ್ರು. ದೀಪದ ಮ್ಯಾಲೆ ಹಿಡದ್ರು ನೋಡು, ಹಸರಾತು, ಅರಿಶಿಣ ಆತು, ಕಡೀಕ ಇಟ್ಟಂಗಿ ಬಣ್ಣಕ್ಕ ಬಂತು. ಇನ್ನೊಂದು ಕುದಿ ಬಿಟ್ಟಿದ್ರ ಹದಕ್ಕ ಬರ್ತಿತ್ತು."

"ಚಾಷ್ಟಿ ಸಾಕ್ರಿ," ಎಂದಳು ದೊಡ್ಡವ್ವ. "ಸಕ್ಕರಿ ಕಾಯಿಲಿ ಅಂತ. ಬೆಲ್ಲ ಮುಟ್ಟಂಗಿಲ್ಲ, ಅನ್ನ ಕಡಿಮಿ ಮಾಡ್ಬೇಕು, ಕಬ್ಬಿನ ಹಾಲು ನೋಡಾಕೂ ಹೋಗಂಗಿಲ್ಲ. ಒಂದು ತಿಂಗಳು ಹಿಂಗ ಇದ್ದು ಮತ್ತ ಬರ್ರಿ, ಆಮ್ಯಾಲೆ ಸೂಜಿ ಚುಚ್ಚೂದೇನು ನೋಡೂಣು ಅಂದಾರ."

ನನ್ನ ಗಣಿತದ ಗೆಳತಿಯೂ ಶಾಲೆಯಿಂದ ನನ್ನ ಹಿಂದೆಯೇ ಬಂದಳು. "ಬಂದು ಎಷ್ಟೊತ್ತಾತು? ಆಸ್ರಿಗೆ ಎಂತ ಬೇಕು, ಚಾ ಮಾಡ್ಲಾ?" ಎಂದು ಕೇಳಿ, ನನ್ನಿಂದ ಸಂಗತಿ ತಿಳಿದು, "ಅಯ್ಯೋ ದೇವ್ರೇ, ಸಕ್ರೆ ಹಾಕ್ದೇ ಚಾ ಮಾಡದು ಹ್ಯಾಂಗೆ ಹೇಳೇ ಯಂಗೆ ಗೊತ್ತಿಲ್ಲೆ" ಎಂದು ನಿಂತುಬಿಟ್ಟಳು.

ದೊಡ್ಡಪ್ಪ ನನ್ನ ಕಡೆ ತಿರುಗಿದ. "ಇಷ್ಟು ವರ್ಷ ಓದ್ಸೇನಿ. ಇವತ್ತ ಪರೀಕ್ಷಾ ನಿಂದು. ನಾ ಬಾಯಿಗೆ ಹಾಕಿದ ಬೆಲ್ಲ ಅಲ್ಲಿ ಹೆಂಗ ಹೋಗಿ ಮುಟ್ಟತು?"

ನಾನು ಜಗುಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಹೊಟ್ಟೆಯ ಚಿತ್ರ ಬರೆದೆ. ಹೊಟ್ಟೆಯ ಹಿಂದೆ ಅಡ್ಡಡ್ಡಕ್ಕೆ ಮಲಗಿದ ಎಲೆಯಂಥ ಗ್ರಂಥಿ, ಮೇದೋಜೀರಕ. ನಾವು ತಿಂದ ಅನ್ನ, ರೊಟ್ಟಿ, ಬೆಲ್ಲ ಎಲ್ಲವೂ ಕಡೆಗೆ ಒಂದು ಬಗೆಯ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆದರೆ ರಕ್ತದಿಂದ ಮೈಯ ಒಳಗಿನ ಜೀವಕಣಗಳಿಗೆ ಹೋಗಬೇಕಾದರೆ ಬಾಗಿಲು ತೆಗೆಯುವವರು ಬೇಕು. ಈ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ರಸದ ಕೆಲಸ ಅದೇ. ಅದು ಸಾಲದಾದರೆ ಸಕ್ಕರೆ ರಕ್ತದಲ್ಲೇ ಉಳಿದು ಹೆಚ್ಚುತ್ತ ಹೋಗುತ್ತದೆ. ಮೂತ್ರಪಿಂಡಗಳು ಒಂದು ಮಟ್ಟದ ತನಕ ಅದನ್ನು ಹಿಡಿದು ರಕ್ತಕ್ಕೇ ಮರಳಿಸುತ್ತವೆ. ಮಟ್ಟ ಮೀರಿದ್ದು ನೀರಿನ ಜೊತೆ ಹೊರಗೆ ಹೋಗುತ್ತದೆ. ನೀರು ಹೆಚ್ಚು ಹೋದದ್ದಕ್ಕೆ ಬಾಯಾರಿಕೆ.

"ಅಂದ್ರ ಕೊಪ್ಪರಿಗಿ ಉಕ್ಕಿದಂಗ," ಎಂದ ದೊಡ್ಡಪ್ಪ.

"ಹೌದು, ಹಂಗ."

"ಕೊಪ್ಪರಿಗಿ ಉಕ್ಕಿದ್ರ ನಾವು ಒಂದ್ಹನಿ ಹರಳೆಣ್ಣಿ ಬಿಡ್ತೇವಿ. ಇದಕ್ಕ?"

"ಇದಕ್ಕ ಹಾಲು ಸುರಿಯೂದು ನಿಲ್ಲಿಸ್ಬೇಕು," ಎಂದಳು ದೊಡ್ಡವ್ವ.

ದೊಡ್ಡಪ್ಪ ನಕ್ಕ. ನಕ್ಕರೂ ಅವನ ಕೈ ಮೀಸೆಯ ಮೇಲೆ ಸುಮ್ಮನೆ ಓಡಾಡುತ್ತಿತ್ತು. ಸಾಯುವ ಹೆದರಿಕೆಯಲ್ಲ ಅದು ಎಂದು ನನಗೆ ಆಗಲೇ ತಿಳಿಯಿತು, ಅಥವಾ ಆಗ ತಿಳಿಯಿತು ಎಂದು ಈಗ ಅಂದುಕೊಳ್ಳುತ್ತಿದ್ದೇನೆ. ಬಸ್ಸು ಹತ್ತುವಾಗ ಅವನು ನನ್ನನ್ನು ಕೇಳಿದ್ದು ಒಂದೇ ಮಾತು. "ನೆಕ್ಕಿ ಉಗುಳಿದ್ರ ನಡೀತೈತೇನು ತಂಗಿ?"

ನಡೆಯುತ್ತದೆ ಎಂದು ನಾನು ಹೇಳುವುದರೊಳಗೆ ದೊಡ್ಡವ್ವ, "ಇಲ್ಲ" ಎಂದಿದ್ದಳು.

ಊರಿಗೆ ಹೋದವಳೇ ಅವಳು ಬೆಲ್ಲ ತುಂಬಿದ್ದ ಗಡಿಗೆಯನ್ನು ಅಟ್ಟಕ್ಕೆ ಏರಿಸಿದಳು. ಹಾಗಲಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಹಾಗಲಕಾಯಿ ಬೇಯಿಸಿದ ನೀರು. ಸಾಲದ್ದಕ್ಕೆ ಇಡಗುಂದಿಯ ಕಡೆ ಕಾಡಿನ ಕೆಲಸಕ್ಕೆ ಹೋಗುತ್ತಿದ್ದ ಅವಳ ತಮ್ಮ ಸುದ್ದಿ ಕೇಳಿ ಒಂದು ಹೊರೆ ಕಾಡುಬಳ್ಳಿ ಹೊತ್ತುಕೊಂಡು ಬಂದ. ಸಕ್ಕರೆ ಕಾಯಿಲೆಗೆ ಇದಕ್ಕಿಂತ ಔಷಧವಿಲ್ಲ, ಊಟಕ್ಕೆ ಮೊದಲು ಎರಡು ಎಲೆ ಅಗಿಯಬೇಕು ಎಂದ. ದೊಡ್ಡವ್ವ ಎದುರಿಗೆ ನಿಂತು ಅಗಿಸತೊಡಗಿದಳು.

ಹದ ಹೇಳುವುದನ್ನು ಮಾತ್ರ ದೊಡ್ಡಪ್ಪ ಬಿಡಲಿಲ್ಲ. ನೆಕ್ಕುವುದಿಲ್ಲ, ನೋಡಿಯೇ ಹೇಳುತ್ತೇನೆ ಎಂದು ದೊಡ್ಡವ್ವನಿಗೆ ಮಾತು ಕೊಟ್ಟು ಕೊಪ್ಪರಿಗೆಯ ಹತ್ತಿರ ಕೂತ. ನೆಕ್ಕುವ ಕೆಲಸವನ್ನು ಪಕ್ಕದ ಮನೆಯವನಿಗೆ ಒಪ್ಪಿಸಿದ. ಈ ಪಕ್ಕದ ಮನೆಯವನು ದೊಡ್ಡಪ್ಪನನ್ನು ಕಾಕಾ ಎನ್ನುತ್ತಿದ್ದ, ಊರಿಗೇ ದೊಡ್ಡ ಮಾತುಗಾರ.

"ಹೆಂಗೈತಿ?"

"ಸೀ ಐತಿ ಕಾಕಾ."

"ಬೆಲ್ಲ ಸೀ ಐತಿ ಅಂತ ಹೇಳಾಕ ನಿನ್ನ ಯಾಕ ಕರೀಬೇಕಿತ್ತಲೇ? ಸುಣ್ಣ ಹೆಂಗೈತಿ?"

"ಸುಣ್ಣಾನೂ ಸೀ ಐತಿ."

ಹೀಗೆ ಎರಡು ವಾರ ನಡೆಯಿತು. ಒಂದು ದಿನ ಅದೇ ಪಕ್ಕದ ಮನೆಯವನ ಕಬ್ಬಿನ ಪಾಳಿ. ಮಧ್ಯಾಹ್ನ ದೊಡ್ಡಪ್ಪ ಎಲೆ ಅಗಿದು, ಊಟವನ್ನು ಆಮೇಲಕ್ಕೆ ಬಿಟ್ಟು, ಪಾಕ ಏರುವ ಹೊತ್ತಾಯಿತೆಂದು ನೇರ ಕೊಪ್ಪರಿಗೆಗೆ ಹೋದ. ದೊಡ್ಡವ್ವ ಅಲ್ಲಿರಲಿಲ್ಲ. ಸೌಟಿನ ತುದಿಯಿಂದ ಒಂದು ಹನಿ ಉರುಟಿದ. ತಡೆಯಲಾಗಲಿಲ್ಲ, ನೆಕ್ಕಿದ. ಏನೂ ಇಲ್ಲ. ಮತ್ತೆ ನೆಕ್ಕಿದ. ಬಿಸಿ ಮಣ್ಣು. ಹದ ಬಂದಿಲ್ಲವೋ, ಹಾಲೇ ಕೆಟ್ಟಿದೆಯೋ, ಏನಾಗಿದೆ ಎಂದು ತಿಳಿಯದೆ ಅವನು ನಿಂತೇಬಿಟ್ಟ. ಎಲ್ಲರೂ ಅವನ ಬಾಯಿಂದ "ಇಳಸ್ರಿ" ಬರಲೆಂದು ಕಾಯುತ್ತಿದ್ದರು. ಅದು ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಇಳಿಸಿದ್ದು ಆರುತ್ತಲೇ ಕಲ್ಲಾಯಿತು. ಒಡೆಯಲು ಹಾರೆ ತರಬೇಕಾಯಿತು.

"ಕಾಕಾ, ನಾ ಬಾಟ್ಲಿ ತೊಳದಿಟ್ಟು ಕುಂತೇನಿ," ಎಂದನಂತೆ ಪಕ್ಕದ ಮನೆಯವ. "ನೀ ನೋಡಿದ್ರ ಗ್ವಾಡಿ ಕಟ್ಟಾಕ ಕಲ್ಲು ಮಾಡಿ ಕೊಟ್ಟಿ."

ಎಲ್ಲರೂ ನಕ್ಕರು. ದೊಡ್ಡಪ್ಪ ಸೌಟನ್ನು ಕೆಳಗಿಟ್ಟು ಮನೆಗೆ ಬಂದ. ನಾನು ಆ ಶನಿವಾರ ಹೋದಾಗ ಅವನು ಕೊಟ್ಟಿಗೆಯ ಕಟ್ಟೆಯ ಮೇಲೆ ಗಾಣಕ್ಕೆ ಬೆನ್ನು ಹಾಕಿ ಕೂತಿದ್ದ. ಅವನು ಗಾಣಕ್ಕೆ ಬೆನ್ನು ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಬ್ಯಾನಿ ನಾಲಿಗಿ ತಿಂದತಿ ತಂಗಿ. ಸೀ ಅನ್ನೂದು ಸತ್ತೈತಿ. ಇನ್ನ ಯಾರರ ಹದ ನೋಡ್ಕೊಳ್ಳಲಿ," ಎಂದ. ಹಿಂದಿನ ದಿನವೂ, ಅದರ ಹಿಂದಿನ ದಿನವೂ ಊಟದ ಹೊತ್ತಿಗೆ ಕದ್ದು ಬೆಲ್ಲದ ಪುಡಿ ಬಾಯಿಗೆ ಹಾಕಿಕೊಂಡು ನೋಡಿದ್ದನಂತೆ. ಮಣ್ಣೇ.

ಮರುದಿನ ಬೆಳಿಗ್ಗೆ ದೊಡ್ಡವ್ವ ಅವನ ಕೈಗೆ ಎಲೆ ಕೊಡುವಾಗ ನಾನು ಅದನ್ನು ಇಸಿದುಕೊಂಡು ನೋಡಿದೆ. ಎದುರುಬದುರಾಗಿ ಕೂತ ಸಣ್ಣ ಎಲೆಗಳು, ಮೇಲೆ ನವಿರಾದ ರೋಮ. ಸಸ್ಯಶಾಸ್ತ್ರದ ತರಗತಿಯಲ್ಲಿ ಒಣಗಿಸಿ ಕಾಗದಕ್ಕೆ ಅಂಟಿಸಿದ್ದನ್ನು ನೋಡಿದ್ದೆ. ಮಧುನಾಶಿನಿ. ಇದನ್ನು ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯುವುದಿಲ್ಲ, ಉಪ್ಪು, ಹುಳಿ, ಕಹಿ ಎಲ್ಲ ತಿಳಿಯುತ್ತದೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅಗಿದು ನೋಡಿರಲಿಲ್ಲ. ನಮಗೆ ಕಲಿಸಿದವರೂ ನೋಡಿರಲಿಕ್ಕಿಲ್ಲ.

"ದೊಡ್ಡಪ್ಪಾ, ನಿನ್ನ ನಾಲಿಗಿ ಸತ್ತಿಲ್ಲ. ಈ ಸೊಪ್ಪು ಅದನ್ನ ಮಲಗಿಸೇತಿ," ಎಂದೆ.

"ಓದಿದವ್ರು ಹಿಂಗ ಸಮಾಧಾನ ಮಾಡ್ತಾರ," ಎಂದ.

ಅದಕ್ಕೇ ಅವನ ಎದುರಿಗೇ ಎರಡು ಎಲೆ ಬಾಯಿಗೆ ಹಾಕಿಕೊಂಡು ಅಗಿದೆ. ಇನ್ನು ಸಿಹಿ ಏನಾದರೂ ಬೇಕಲ್ಲ. ಬೆಲ್ಲದ ಗಡಿಗೆ ಅಟ್ಟದ ಮೇಲೆ. ಕೈಗೆ ಸಿಕ್ಕಿದ್ದು ಗೋಡೆಯ ಬದಿಯ ಬುಟ್ಟಿ. ಅದರಲ್ಲಿ ಹಳೆಯ ಗೋವಿನಜೋಳದ ದಿಂಡುಗಳಿದ್ದವು. ನಮ್ಮಲ್ಲಿ ಜೋನಿಬೆಲ್ಲದ ಬಾಟಲಿಗಳಿಗೆ ಕಾಳು ಬಿಡಿಸಿದ ದಿಂಡನ್ನೇ ಕತ್ತರಿಸಿ ಮುಚ್ಚಳವಾಗಿ ತುರುಕುವುದು. ಬಾಟಲಿ ಖಾಲಿಯಾದರೂ ದಿಂಡನ್ನು ಎಸೆಯುವುದಿಲ್ಲ, ಮುಂದಿನ ವರ್ಷಕ್ಕೆ ಬುಟ್ಟಿಯಲ್ಲಿರುತ್ತದೆ. ಚಿಕ್ಕಂದಿನಲ್ಲಿ ನಾವು ಮಕ್ಕಳು ಅದನ್ನು ಕದ್ದು ಚೀಪುತ್ತಿದ್ದೆವು. ಆ ರೂಢಿಯಲ್ಲೇ ಒಂದನ್ನು ಬಾಯಿಗಿಟ್ಟೆ.

ಕಟ್ಟಿಗೆ. ಬರೀ ಕಟ್ಟಿಗೆ ಚೀಪಿದಂತಾಯಿತು. ನನ್ನ ಮುಖ ನೋಡಿ ದೊಡ್ಡಪ್ಪ ಕಟ್ಟೆಯಿಂದ ಇಳಿದು ಬಂದ. "ಮಣ್ಣೇನು?" ಎಂದ, ಆಸೆಯಿಂದ.

"ಮಣ್ಣು!"

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ, ಏಕೆಂದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ದೊಡ್ಡವ್ವ ನಂಬಲಾರದೆ ತಾನೂ ಅಗಿದಳು. ಅಟ್ಟ ಹತ್ತಿ ಗಡಿಗೆ ಇಳಿಸಿದಳು. ಬೆಲ್ಲ ಬಾಯಿಗೆ ಹಾಕಿಕೊಂಡು, "ಯವ್ವಾ, ಉಸುಕು!" ಎಂದು ಹಿತ್ತಲಿಗೆ ಓಡಿ ಉಗುಳಿದಳು. ಗದ್ದಲ ಕೇಳಿ ಪಕ್ಕದ ಮನೆಯವನು ಬಂದ, ಅವನೂ ಅಗಿದ, ತನ್ನ ಕಲ್ಲುಬೆಲ್ಲದ ಚೂರನ್ನೇ ತರಿಸಿ ಕಡಿದ.

"ಕಾಕಾ, ಇದೀಗ ನೋಡು ಖರೇ ಗ್ವಾಡಿ ಆತು," ಎಂದ. "ರುಚಿ ಸುದ್ಧಾ ಗ್ವಾಡೀದ!"

ದೊಡ್ಡಪ್ಪ ಅವತ್ತು ಎಲೆ ಅಗಿಯಲಿಲ್ಲ. ನಮ್ಮ ಮಂಕಾದ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನಾನು ದಿಂಡನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದೆ, ಸಿಹಿ ಯಾವಾಗ ಮರಳುತ್ತದೆ ನೋಡೋಣವೆಂದು. ಬಹಳ ಹೊತ್ತಾಯಿತು. ಬಿಸಿಲು ಅಂಗಳದ ಮಧ್ಯಕ್ಕೆ ಬಂತು. ಮೊದಲು ನಾಲಿಗೆಯ ತುದಿಯಲ್ಲಿ ಏನೋ ಇದೆ ಎಂಬ ಗುಮಾನಿ. ಆಮೇಲೆ ಅಂಚಿನಲ್ಲಿ. ಆಮೇಲೆ ಬಾಯಿ ತುಂಬ. ಹೋದ ವರ್ಷದ ಬೆಲ್ಲ, ಸ್ವಲ್ಪ ಹುಳಿ, ಸ್ವಲ್ಪ ಹೊಗೆ. "ಬಂತು ಬಂತು!" ಎಂದು ಕೂಗಿದೆ. ಕೂಗಿ, ದಿಂಡನ್ನು ಬಾಯಿಂದ ತೆಗೆದು ನೋಡಿದೆ. ಇಷ್ಟು ಹೊತ್ತು ಚೀಪಿದರೂ ಅದು ಕಪ್ಪಗೆ, ಅಂಟಂಟಾಗಿ, ರಸ ಬಿಡುತ್ತಲೇ ಇತ್ತು.

"ದೊಡ್ಡವ್ವಾ, ಶಿರಸಿಗೆ ಮೂತ್ರ ಒಯ್ದ ಬಾಟ್ಲಿ ಯಾವ್ದು?"

"ಖಾಲಿ ಬಾಟ್ಲಿ. ಬೂದಿ ಹಾಕಿ ತಿಕ್ಕೇನಿ, ಬಿಸಿನೀರು ಹಾಕಿ ಕುಲುಕೇನಿ. ನನಗ ಸ್ವಚ್ಛ ಕಲಸಬ್ಯಾಡ."

"ಬಾಟ್ಲಿ ಇರ್ಲಿ. ಬಾಯಿಗೆ ಏನು ತುರುಕಿದ್ದಿ?"

ಅವಳು ನನ್ನ ಕೈಯಲ್ಲಿದ್ದ ದಿಂಡನ್ನು ನೋಡಿದಳು. ದೊಡ್ಡಪ್ಪನೂ ನೋಡಿದ. "ದಿಂಡು ಯಾರರ ತೊಳೀತಾರೇನು?" ಎಂದಳು ಅವಳು, ಸಣ್ಣ ದನಿಯಲ್ಲಿ.

ಬಾಟಲಿಯನ್ನು ಚೀಲದಲ್ಲಿ ಅಡ್ಡ ಮಲಗಿಸಿ ತಂದಿದ್ದರು. ನಮ್ಮೂರಿನಿಂದ ಶಿರಸಿಯವರೆಗಿನ ರಸ್ತೆ ಹೇಗಿತ್ತೆಂದರೆ ದಾರಿಯುದ್ದಕ್ಕೂ ಅದು ಕುಲುಕಿಕೊಂಡೇ ಬಂದಿರಬೇಕು.

ಸೋಮವಾರ ಮೊದಲ ಬಸ್ಸಿಗೆ ಮೂವರೂ ಹೊರಟೆವು. ಶಾಲೆ ಬಿಟ್ಟ ಮೇಲೆ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಪ್ರಯೋಗಶಾಲೆಯ ಬೀಗ ತೆಗೆದೆ. ಮಕ್ಕಳಿಗೆ ದ್ರಾಕ್ಷಿ ಸಕ್ಕರೆಯ ಪರೀಕ್ಷೆ ತೋರಿಸಲೆಂದು ನೀಲಿ ದ್ರಾವಣದ ಸೀಸೆ ಕಪಾಟಿನಲ್ಲಿತ್ತು, ಡಾಕ್ಟರರ ಹತ್ತಿರ ಇದ್ದಂಥದೇ. ಅದರಲ್ಲಿರುವುದು ಮೈಲುತುತ್ತ ಎಂದು ಹೇಳಿದಾಗ ದೊಡ್ಡಪ್ಪನಿಗೆ ಅದು ತೋಟದವರು ಹೊಡೆಯುವ ಔಷಧ ಎಂದು ಗುರುತು ಸಿಕ್ಕಿ ಸಮಾಧಾನವಾಯಿತು. ಒಂದು ಬೀಕರನ್ನು ಕುದಿಯುವ ನೀರಿನಲ್ಲಿ ತೊಳೆದು 'ಹೋಗಿ ಬಾ' ಎಂದು ಅವನ ಕೈಗೆ ಕೊಟ್ಟೆ. ಒಂದು ಹಳೆಯ ದಿಂಡನ್ನು ನೀರಿನಲ್ಲಿ ಅದ್ದಿ ಕುಲುಕಿ ಬೇರೆ ಇಟ್ಟೆ.

ಮೊದಲು ದಿಂಡಿನ ನೀರು. ನೀಲಿ ದ್ರಾವಣಕ್ಕೆ ಕೆಲವು ಹನಿ ಬಿಟ್ಟು ದೀಪದ ಮೇಲೆ ಹಿಡಿದೆ. ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ. ದೊಡ್ಡಪ್ಪ ಕೊಪ್ಪರಿಗೆಯ ಮುಂದೆ ಕೂರುವಂತೆ ಕುಕ್ಕರಗಾಲಲ್ಲಿ ಕೂತು, ಮೂಗು ಕೊಳವೆಗೆ ತಾಗುವಷ್ಟು ಹತ್ತಿರ ತಂದಿದ್ದ. "ಅವತ್ತ ಇದ ಬಣ್ಣ. ಇದ, ಇದ!" ಎಂದ.

ಆಮೇಲೆ ಬೀಕರಿನದು. ಹನಿ ಬಿಟ್ಟೆ. ಕುದಿಯಿತು. ನೀಲಿ. ಇನ್ನೂ ಕುದಿಯಿತು. ನೀಲಿಯೇ. ನಾನು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ತಿಳಿಯಾದ ಆಕಾಶದ ನೀಲಿ.

"ಇಳಸು!" ಎಂದ ದೊಡ್ಡಪ್ಪ.

ಹೊರಗಿನಿಂದ ನನ್ನ ಗೆಳತಿ ಇಣುಕಿದಳು. "ಎಂತದೇ ಇದು? ಪ್ರಯೋಗಶಾಲೆನೋ, ಆಲೆಮನೆನೋ? ಯಂಗೂ ಒಂದು ಬಾಟ್ಲಿ ತುಂಬ್ಸಿಡಿ!" ಎಂದಳು. ಕಥೆಯೆಲ್ಲ ಕೇಳಿದ ಮೇಲೆ ಲೆಕ್ಕದವಳಾದ ಅವಳಿಗೆ ಇನ್ನೊಂದು ಅನುಮಾನ. ದಿಂಡಿನ ಬದಲು ಅಂಗಡಿಯ ಬಿಳಿ ಸಕ್ಕರೆ ಬಿದ್ದಿದ್ದರೆ? ಕೋಣೆಗೆ ಓಡಿಹೋಗಿ ಒಂದು ಚಿಟಿಕೆ ತಂದು ನೀರಿಗೆ ಹಾಕಿದಳು. ಕುದಿಸಿದೆವು. ನೀಲಿಯೇ ಉಳಿಯಿತು. ಅವಳು ಬಾಯಿ ಬಿಟ್ಟು ನೋಡಿದಳು. ನಾನು ವಿವರಿಸಿದೆ. ಅಂಗಡಿಯ ಸಕ್ಕರೆ ಎರಡು ಸಣ್ಣ ಸಕ್ಕರೆಗಳು ಕೈ ಹಿಡಿದುಕೊಂಡು ನಿಂತ ಜೋಡಿ, ಈ ಪರೀಕ್ಷೆಗೆ ಅದು ಸಿಗುವುದಿಲ್ಲ. ಕಬ್ಬಿನ ಹಾಲು ತನ್ನ ಹುಳಿಯ ಜೊತೆಗೇ ಕುದಿದು ಜೋನಿಯಾಗುವಾಗ ಆ ಜೋಡಿಗಳಲ್ಲಿ ಎಷ್ಟೋ ಬಿಟ್ಟುಹೋಗಿರುತ್ತವೆ. ಹಾಗೆ ಬಿಟ್ಟವು ನೀಲಿಯನ್ನು ಕೆಂಪು ಮಾಡುತ್ತವೆ.

"ನಮ್ಮ ಜೋನಿ ಸುಳ್ಳು ಹೇಳಂಗಿಲ್ಲ ಅಂದಂಗಾತು," ಎಂದ ದೊಡ್ಡಪ್ಪ.

"ಸುಳ್ಳು ಹೇಳಿದ್ದ ಅದು!" ಎಂದಳು ದೊಡ್ಡವ್ವ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ.

ಮರುದಿನ ಡಾಕ್ಟರರು ತಮ್ಮದೇ ಬಾಟಲಿಯಲ್ಲಿ ಹಿಡಿಸಿ ಮತ್ತೆ ನೋಡಿದರು. ನೀಲಿ. ದಿಂಡಿನ ಸಂಗತಿ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. "ಯಜಮಾನ್ರ, ಆಲೆಮನಿ ದಿನದಾಗ ಏನೇನು ಕುಡೀತಿದ್ರಿ?" ಎಂದು ಕೇಳಿದರು. ಕಬ್ಬಿನ ಹಾಲು ಚರಿಗೆಗಟ್ಟಲೆ, ಚಹಾ, ಬೆಂಕಿಯ ಮುಂದೆ ಕೂತದ್ದಕ್ಕೆ ನೀರು. ಅಷ್ಟು ಕುಡಿದವರು ಹಿತ್ತಲಿಗೆ ಹೋಗದೆ ಇನ್ನೇನು ಮಾಡುತ್ತಾರೆ ಎಂದರು. ಕೊನೆಗೆ ಒಂದು ಮಾತು ಸೇರಿಸಿದರು. "ಎಂದಿನಂಗ ಊಟ ಮಾಡ್ರಿ. ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ ಬರ್ರಿ. ಅವಾಗ್ಲೂ ನೀಲಿ ಬಂದ್ರ ನಂಗೂ ನಿಶ್ಚಿಂತಿ." ದೊಡ್ಡಪ್ಪ ಕೈ ಮುಗಿದು ಹೊರಗೆ ಬಂದ. ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.

ಮುಂದಿನ ಭಾನುವಾರದ ಆಲೆಮನೆಯಲ್ಲಿ ನಾನಿದ್ದೆ, ಇದು ನನ್ನ ಸ್ವಂತ ನೆನಪು. ಪಕ್ಕದ ಮನೆಯವನಿಗೆ ಎರಡನೆಯ ಪಾಳಿ ಕೊಟ್ಟಿದ್ದರು. ಊರಿನ ಅರ್ಧ ಜನ ಕೆಲಸವಿಲ್ಲದಿದ್ದರೂ ಬಂದು ನಿಂತಿದ್ದರು. ನೊರೆ ಹಳದಿಯಾಗಿ, ಕೆಂಪಾಗಿ, ಗುಳ್ಳೆಗಳು ದಪ್ಪಗಾದವು. ದೊಡ್ಡಪ್ಪ ಹನಿ ಉರುಟಿದ, ನೆಕ್ಕಿದ, ಕಣ್ಣು ಮುಚ್ಚಿದ. ಎಷ್ಟು ಹೊತ್ತು ಮುಚ್ಚಿದನೆಂದರೆ ಪಕ್ಕದ ಮನೆಯವನು, "ಕಾಕಾ, ಮತ್ತ ಸೊಪ್ಪು ತಿಂದು ಬಂದೀ ಏನು?" ಎಂದ. ದೊಡ್ಡಪ್ಪ ಕಣ್ಣು ತೆರೆಯದೆಯೇ ಬೈದ. "ಸುಣ್ಣ ಒಂದು ಚಿಟಿಗಿ ಹೆಚ್ಚಾಗೇತಿ, ಕಬ್ಬು ಕಡದು ಮೂರು ದಿನ ಆಗೇತಿ, ಮೈಗಳ್ಳ ಮಗನ! ಇಳಸ್ರಿ!" ಆ ಬೈಗುಳ ಕೇಳಿ ಇಡೀ ಆಲೆಮನೆ ಕೇಕೆ ಹಾಕಿತು. ಬೈಸಿಕೊಂಡವನು ಎಲ್ಲರಿಗಿಂತ ಜೋರಾಗಿ ಕೂಗಿದ. ಅವನ ಬಾಟಲಿಗಳಿಗೆಲ್ಲ ದೊಡ್ಡವ್ವ ಹೊಸ ದಿಂಡು ಕತ್ತರಿಸಿ ಕೊಟ್ಟಳು.

ಇದು ಇಲ್ಲಿಗೆ ಮುಗಿಯಬೇಕಿತ್ತು. ನಮ್ಮ ಮನೆಯಲ್ಲಿ ಹೇಳುವಾಗ ಇಲ್ಲಿಗೇ ಮುಗಿಯುತ್ತದೆ. ಆದರೆ ನಾನು ಪ್ರತಿ ವರ್ಷ ಮಕ್ಕಳಿಗೆ ಮೂತ್ರಪಿಂಡದ ಪಾಠ ಮಾಡಬೇಕಾದವಳು. ಒಂದು ಮಟ್ಟದ ತನಕ ಅವು ಸಕ್ಕರೆಯನ್ನು ಬಿಟ್ಟುಕೊಡುವುದಿಲ್ಲ ಎಂದು ಹಲಗೆಯ ಮೇಲೆ ಬರೆಯುವಾಗ, ಡಾಕ್ಟರರು ಮತ್ತೊಮ್ಮೆ ಬರಲು ಯಾಕೆ ಹೇಳಿದರು ಎಂಬುದು ಒಂದು ದಿನ ಹೊಳೆಯಿತು. ಕೆಂಪು ಬಣ್ಣ ದಿಂಡಿನದು, ಅದು ಖರೆ. ಆದರೆ ನೀಲಿ ಬಣ್ಣ ಬಂದದ್ದು ವಾರಗಟ್ಟಲೆ ಹಾಗಲಕಾಯಿ ತಿಂದು, ಬೆಲ್ಲ ಬಿಟ್ಟು, ಸೊಪ್ಪು ಅಗಿದ ಮನುಷ್ಯನಲ್ಲಿ. ಕಾಯಿಲೆ ಸ್ವಲ್ಪವೇ ಇದ್ದು, ಬಾಯಿ ಕಟ್ಟಿದ್ದರಿಂದ ಸಕ್ಕರೆ ಆ ಮಟ್ಟದ ಕೆಳಗೇ ನಿಂತಿದ್ದರೂ ಬಣ್ಣ ನೀಲಿಯೇ ಬರುತ್ತಿತ್ತು. ಅವನು ಕದ್ದು ಚೆನ್ನಾಗಿ ತಿಂದಿದ್ದು, ಆಮೇಲೂ ನೀಲಿ ಬಂದಿದ್ದರೆ ಮಾತ್ರ ನಮ್ಮ ಸಂಭ್ರಮಕ್ಕೆ ಪೂರ್ತಿ ಆಧಾರ. ಅವನೇ ಒಪ್ಪಿಕೊಂಡದ್ದು ಚಿಟಿಕೆ ಪುಡಿ, ಒಂದೆರಡು ಹನಿ ಪಾಕ. ಅಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿದೆ. ದೊಡ್ಡಪ್ಪ ಗಟ್ಟಿಯಾಗಿದ್ದಾನೆ, ಬನವಾಸಿಗೆ ನಡೆದೇ ಹೋಗಿ ಬರುತ್ತಾನೆ, ಹದ ಹೇಳುತ್ತಾನೆ. ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ ಎಂದರೆ, "ಒಮ್ಮೆ ಪಾಸಾದವ್ರು ಮತ್ತ ಯಾಕ ಕೂಡಬೇಕವಾ?" ಎನ್ನುತ್ತಾನೆ. ಅವನನ್ನು ಕೇಳಿ ಪ್ರಯೋಜನವಿಲ್ಲ, ಅವನ ಉತ್ತರ ದಿನಕ್ಕೊಂದು. ನಾವೆಲ್ಲ ಎಲೆ ಅಗಿದ ಆ ಭಾನುವಾರ ದೊಡ್ಡವ್ವ ಅಟ್ಟದಿಂದ ಇಳಿಸಿದ ಗಡಿಗೆ ಅರ್ಧ ಖಾಲಿಯಾಗಿತ್ತು ಎಂದು ನನಗೆ ಈಚೆಗೆ ನೆನಪಾಗುತ್ತಿದೆ. ಆದರೆ ಈ ನೆನಪನ್ನು ನಂಬುವುದು ಹೇಗೆ? ನನಗೆ ಬೇಕಾದ ಉತ್ತರಕ್ಕೆ ಅದು ಅತಿ ಚೆನ್ನಾಗಿ ಹೊಂದುತ್ತದೆ.

ಹೋದ ರಜೆಯಲ್ಲಿ ದೊಡ್ಡವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ದೊಡ್ಡಪ್ಪ ಮನೆಯಲ್ಲಿರಲಿಲ್ಲ. ನಾನು ಹತ್ತಿರ ಕೂತು ಕೇಳಿದೆ. ಅವಳ ಬೆರಳುಗಳು ಒಂದು ಗಳಿಗೆ ನಿಂತವು, ಆಮೇಲೆ ಮತ್ತೆ ಕಲ್ಲು ಹುಡುಕತೊಡಗಿದವು. ಮುಖದಲ್ಲಿ ನಗು ಇತ್ತೆಂದು ನನ್ನ ಅನಿಸಿಕೆ, ಆದರೆ ಅವಳು ತಲೆ ಬಗ್ಗಿಸಿದ್ದಳು. ಅಂದು ಹೇಳಲಿಲ್ಲ, ಆಮೇಲೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ದೊಡ್ಡವ್ವಾ, ಅಷ್ಟು ದಿನ ದೊಡ್ಡಪ್ಪ ಖರೇನ ಬಾಯಿ ಕಟ್ಟಿದ್ನೋ, ಇಲ್ಲಾ ಅವನ ಸಂಕಟ ನೋಡಲಾರದ ನೀನ ಕದ್ದು ಬೆಲ್ಲ ಕೊಡ್ತಿದ್ದೆಯೋ?"